ಸೂಸಾಫೋನ್ ‘ಝರ್’ ಅನ್ನುವಾಗ ಎಲ್ಲಿ ಹುಡುಕಬೇಕು

ಮದುವೆ ಸೀಸನ್ ಮುಗಿದ ಮೇಲೆ, ಗಣೇಶನ ಮೆರವಣಿಗೆಗಳ ಗಲಾಟೆ ಇಳಿದ ಮೇಲೆ, ಬೆಂಗಳೂರಿನ ಬ್ಯಾಂಡ್‌ಸೆಟ್‌ನವರು ರಿಪೇರಿಗೆ ತರುವ ಸೂಸಾಫೋನ್‌ಗಳದ್ದು (ಮೈಸುತ್ತ ಹಾಕಿಕೊಂಡು ಊದುವ, ತುದಿಯಲ್ಲಿ ಬೆಲ್ ಎಂಬ ಅಗಲ ಬಾಯಿಯ ದೊಡ್ಡ ಹಿತ್ತಾಳೆ ವಾದ್ಯ) ಹೆಚ್ಚುಕಮ್ಮಿ ಒಂದೇ ದೂರು: ‘ಕೆಳಗಿನ ಸ್ವರ ಊದಿದರೆ ಬೆಲ್ ಝರ್ ಅನ್ನುತ್ತೆ, ಬೆಸುಗೆ ಹಾಕಿಕೊಡಿ.’ ನಿಜವಾಗಿ ಬೆಸುಗೆ ಬಿಟ್ಟಿರುವುದು ಇವುಗಳಲ್ಲಿ ಕೆಲವಕ್ಕೆ ಮಾತ್ರ. 26 ಇಂಚಿನ ಬಾಯಿಂದ ಸದ್ದೆಲ್ಲ ಹೊರಡುವುದರಿಂದ ಕಿವಿ ಬೆಲ್ ಮೇಲೇ ಅನುಮಾನ ಪಡುತ್ತದೆ. ಕಳ್ಳ ಸ್ವರ ಬದಲಿಸಲು ಒತ್ತುವ ವಾಲ್ವ್ ಹತ್ತಿರ ಕೂತಿರಬಹುದು.

ಖರ್ಚಿಲ್ಲದ ಪರೀಕ್ಷೆಗಳು ಮೊದಲು. ವಾದ್ಯವನ್ನು ಪೂರ್ತಿ ತಿರುಗಿಸಿ ನೀರು ಚೆಲ್ಲಿ. ನೀರಿನದು ಗುಳುಗುಳು ಸದ್ದು. ಆದರೆ ತೀರಾ ಸ್ವಲ್ಪ ನೀರು ಸುರುಳಿಯ ತಳದಲ್ಲಿ ನಿಂತಿದ್ದರೆ ಅದೂ ಝರ್ ಅಂತಲೇ ಕೇಳಿಸುತ್ತದೆ. ಆಮೇಲೆ ಬೆಲ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿ. ಅಕ್ಷತೆ ಕಾಳು, ಪಟಾಕಿ ಕಾಗದ, ಹೂವಿನ ದಳ ಏನು ಬೇಕಾದರೂ ಸಿಗಬಹುದು. ಬ್ಯಾಂಡ್ ಹೆಸರು ಬರೆದ ಬಟ್ಟೆಯನ್ನು ಬೆಲ್ ಮೇಲೆ ಹಾಕಿದ್ದರೆ ತೆಗೆದು ಊದಿಸಿ. ಯೂನಿಫಾರ್ಮಿನ ಗುಂಡಿ, ಭುಜದ ಸರಪಳಿ, ಬೆಲ್ಟಿನ ಬಕಲ್ ಕೊಳವೆಗೆ ತಾಗುತ್ತಿದೆಯೇ ಅಂತ ನೋಡಿ. ನಗೆ ಬರುತ್ತದೆ, ಆದರೆ ಇದನ್ನು ನೋಡದೆ ವಾದ್ಯ ಬಿಚ್ಚಿದರೆ ಇಡೀ ಮಧ್ಯಾಹ್ನ ಹೋಗುತ್ತದೆ.

ಎಲ್ಲ ಸ್ವರಕ್ಕೂ ಝರ್ ಅನ್ನದೆ ಒಂದೆರಡಕ್ಕೆ ಮಾತ್ರ ಅನ್ನುವುದು ಯಾಕೆ? ಸಡಿಲವಾದ ಪ್ರತಿ ಭಾಗಕ್ಕೂ ತಾನು ಅದುರುವ ಒಂದು ಕಂಪನ ಇರುತ್ತದೆ. ವಾಲ್ವ್ ಒತ್ತದೆ ಊದುವ ಕೆಳಗಿನ ಬಿ ಫ್ಲಾಟ್ ಸುಮಾರು 58 ಹರ್ಟ್ಸ್. ಅದರ ಜೊತೆ 117, 175, 233 ಹೀಗೆ ಮೇಲಿನ ಕಂಪನಗಳೂ ಹೊರಡುತ್ತವೆ. ಪುಟ್ಟ ಸ್ಕ್ರೂ ಒಂದು ಅವುಗಳಲ್ಲಿ ಯಾವುದಕ್ಕೋ ತಾಳ ಹಾಕುತ್ತದೆ. ಆದ್ದರಿಂದ ಊದುವವರು ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ, ಅರ್ಧರ್ಧ ಸ್ವರದಂತೆ, ನಿಧಾನವಾಗಿ ಇಳಿಯಲಿ. ಝರ್ ಜೋರಾಗುವ ಸ್ವರ ಸಿಕ್ಕ ಕೂಡಲೇ ಅದನ್ನೇ ಹಿಡಿದು ನಿಲ್ಲಿಸಲಿ. ಇನ್ನೊಬ್ಬರು ಒಂದೊಂದೇ ಭಾಗವನ್ನು ಬೆರಳಿನಿಂದ ಒತ್ತುತ್ತಾ ಹೋಗಬೇಕು: ವಾಲ್ವ್‌ನ ಮೇಲಿನ ಮುಚ್ಚಳ, ಕೆಳಗಿನ ಮುಚ್ಚಳ, ನೀರು ಬಿಡುವ ಕೀಲಿ, ನೋಟೇಶನ್ ಕಾರ್ಡ್ ಸಿಕ್ಕಿಸುವ ಕ್ಲಿಪ್ಪಿನ ಸ್ಕ್ರೂ, ಮೌತ್‌ಪೀಸಿಗೂ ಕುತ್ತಿಗೆಗೂ ನಡುವಿನ ಎರಡು ತುಂಡು ಕೊಳವೆ, ಕುತ್ತಿಗೆಯ ಕ್ಲಾಂಪು, ಕೊಳವೆಗಳನ್ನು ಜೋಡಿಸಿ ಹಿಡಿಯುವ ಪ್ರತಿಯೊಂದು ಬ್ರೇಸ್. ಒತ್ತಿದಾಗ ಸದ್ದು ಸತ್ತರೆ ಜಾಗ ಸಿಕ್ಕಿತು. ಬೆರಳಿಗಿಂತ ಒಳ್ಳೆಯ ಸಾಧನ ಇದಕ್ಕೆ ಇಲ್ಲ.

ಬೆಲ್ ತೆಗೆದು ಊದಿ ನೋಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅದರಲ್ಲೇ ಮೋಸ ಹೋಗುವುದು. ಬೆಲ್ ಇಲ್ಲದಾಗ ಗಾಳಿಯ ಉದ್ದವೇ ಬದಲಾಗಿ ಸ್ವರಗಳು ಜಾಗ ಬಿಟ್ಟಿರುತ್ತವೆ, ಹಳೆಯ ಸ್ವರದಲ್ಲಿ ಸದ್ದು ನಿಂತ ಮಾತ್ರಕ್ಕೆ ತಪ್ಪು ಬೆಲ್‌ನದ್ದು ಅಂತ ಹೇಳಲಾಗುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಸ್ವರ ಊದಿ, ಎಲ್ಲೂ ಝರ್ ಇಲ್ಲದಿದ್ದರೆ ಮಾತ್ರ ಬೆಲ್ ಅಥವಾ ಅದರ ಜೋಡಣೆ ಕಡೆ ತಿರುಗಿ.

ಜೋಡಣೆಯಲ್ಲಿ ಕೆಡುವುದು ಎರಡು. ಒಂದು, ಸ್ಕ್ರೂ. ಬೆಲ್‌ನ ಬುಡ ಕೊಳವೆಯ ತುದಿಯಲ್ಲಿರುವ ಕಾಲರ್ ಎಂಬ ಬಳೆಯ ಒಳಗೆ ಕೂತು, ಬೆರಳಲ್ಲೇ ತಿರುಗಿಸುವ ಮೂರು ಸ್ಕ್ರೂ ಅದನ್ನು ಪಕ್ಕದಿಂದ ಒತ್ತಿ ಹಿಡಿಯುತ್ತವೆ. ಒಂದು ಕಳೆದುಹೋಗಿ ಎರಡರಲ್ಲೇ ಓಡಿಸುವವರಿದ್ದಾರೆ. ಎಸ್‌.ಪಿ. ರೋಡಿನಿಂದ ಹತ್ತಿರದ ಅಳತೆಯ ಬೋಲ್ಟು ತಂದು ತಿರುಗಿಸಿದವರೂ ಇದ್ದಾರೆ. ಥ್ರೆಡ್ ಸರಿಯಾಗಿ ಕೂರದ ಬೋಲ್ಟೇ ಆಮೇಲೆ ಝರ್ ಅನ್ನತೊಡಗುತ್ತದೆ, ಮೇಲಾಗಿ ಕಾಲರ್‌ನ ಥ್ರೆಡ್ಡನ್ನೂ ತಿಂದುಹಾಕುತ್ತದೆ. ಬಿಗಿಯುವಾಗ ಮೂರನ್ನೂ ಅರ್ಧರ್ಧ ಸುತ್ತು, ಸರದಿಯಂತೆ, ಬೆರಳಿನಲ್ಲೇ. ಇಕ್ಕಳ ಬೇಡ. ಒಂದನ್ನೇ ಪೂರ್ತಿ ಬಿಗಿದರೆ ಬುಡ ಒಂದು ಪಕ್ಕಕ್ಕೆ ಸರಿದು, ಎದುರು ಬದಿಯಲ್ಲಿ ಸಂದು ಬಿಡುತ್ತದೆ.

ಇನ್ನೊಂದು, ಬುಡ ದುಂಡಗಿಲ್ಲದಿರುವುದು. ಲಗೇಜ್ ಆಟೋದಲ್ಲಿ ಬೆಲ್‌ಗಳನ್ನು ಒಂದರ ಮೇಲೊಂದು ಒಟ್ಟಿದರೆ ಬುಡ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ವರ್ನಿಯರ್‌ನಿಂದ ಒಮ್ಮೆ ಅಡ್ಡ, ಒಮ್ಮೆ ಉದ್ದ ಅಳೆಯಿರಿ. ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಸರಿಮಾಡುವುದೇ ಮೇಲು. ವರ್ನಿಯರ್ ಇಲ್ಲವೇ? ಪೇಪರ್ ಪಟ್ಟಿ ನಾಲ್ಕು ಕಡೆ ಸಿಕ್ಕಿಸಿ ಬೆಲ್ ಕೂರಿಸಿ, ಸ್ಕ್ರೂ ಬಿಗಿದು, ಎಳೆಯಿರಿ. ಸಲೀಸಾಗಿ ಬಂದ ಕಡೆ ಸಂದಿದೆ. ನಲ್ಲಿಯವರ ಟೆಫ್ಲಾನ್ ಟೇಪನ್ನು ಬುಡಕ್ಕೆ ಎರಡು ಸುತ್ತು ಸುತ್ತಿದಾಗ ಝರ್ ನಿಂತರೆ ರೋಗ ಖಚಿತ. ಟೇಪನ್ನೇ ಔಷಧಿ ಮಾಡಿಕೊಳ್ಳಬೇಡಿ, ನಾಲ್ಕು ಸಲ ಬಿಚ್ಚಿ ಹಾಕುವುದರೊಳಗೆ ಹರಿಯುತ್ತದೆ. ಒಳಗೆ ಉಕ್ಕಿನ ಮ್ಯಾಂಡ್ರೆಲ್ (ದುಂಡನೆಯ ಗಟ್ಟಿ ಅಚ್ಚು) ಇಟ್ಟು, ಮರದ ಕೊಡತಿಯಿಂದ ಸಣ್ಣ ಸಣ್ಣ ಪೆಟ್ಟು ಹಾಕಿ ದುಂಡಗೆ ಮಾಡಬೇಕು. ದುಂಡಗಾದ ಮೇಲೂ ಸಡಿಲವಿದ್ದರೆ ತೆಳ್ಳನೆಯ ಹಿತ್ತಾಳೆ ತಗಡನ್ನು ಬುಡಕ್ಕೆ ಬೆಸೆದು ಉಜ್ಜಿ ಕೂರಿಸುವುದು.

ಮೀರತ್‌ನಲ್ಲಿ ತಯಾರಾದ ಬೆಲ್‌ಗಳು ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರುತ್ತವೆ ಅಂತ ನಂಬಬೇಡಿ. ಒಂದೇ ಸೆಟ್‌ನ ಎರಡು ಸೂಸಾಫೋನ್‌ಗಳ ಬೆಲ್ ಅದಲುಬದಲಾದರೂ ಝರ್ ಶುರುವಾಗಬಹುದು. ಬುಡದಲ್ಲಿ, ಕಾಲರ್‌ನಲ್ಲಿ ಒಂದೇ ನಂಬರ್ ಕೊರೆದಿಡಿ.

ಬೆಲ್‌ನ ಅಂಚು ಕೂಡ ನೋಡಬೇಕಾದ ಜಾಗ. ಹಿತ್ತಾಳೆ ತಗಡನ್ನು ಒಂದು ತಂತಿಯ ಸುತ್ತ ಮಡಚಿ ಅಂಚು ಮಾಡಿರುತ್ತಾರೆ. ಬಾಗಿಲಿಗೆ ತಾಗಿಸಿದರೆ, ನೆಲಕ್ಕೆ ಮುಖ ಮಾಡಿ ಇಟ್ಟರೆ ಮಡಿಕೆ ಬಿಚ್ಚಿಕೊಂಡು ತಂತಿ ಒಳಗೇ ಅದುರುತ್ತದೆ. ಅಂಚನ್ನು ಬೆರಳ ಗೆಣ್ಣಿನಿಂದ ಸುತ್ತಲೂ ಬಡಿಯಿರಿ. ಠಣ್ ಅನ್ನುತ್ತಿದ್ದದ್ದು ಒಂದು ಕಡೆ ಚರ್ ಅನ್ನುತ್ತದೆ. ಅಲ್ಲಿ ಮಡಿಕೆಯನ್ನು ಕೊಡತಿಯಿಂದ ಬಡಿದು ಮುಚ್ಚಬೇಕು. ಮರುದಿನವೇ ಮದುವೆ ಇದ್ದರೆ ತೆಳು ಸೂಪರ್ ಗ್ಲೂ ಎರಡು ಹನಿ ಸಂದಿಗೆ ಬಿಟ್ಟರೂ ಸದ್ದು ಅಡಗುತ್ತದೆ, ಆದರೆ ಆಮೇಲೆ ಅಲ್ಲಿ ಬೆಸುಗೆ ಹಾಕುವವರು ಅಂಟನ್ನೆಲ್ಲ ಕೆರೆಯಬೇಕು.

ಬ್ರೇಸ್ ಬೆಸುಗೆ ನಿಜವಾಗಿ ಬಿಟ್ಟಿದ್ದರೆ ಒಂದು ತಪ್ಪು ಮಾತ್ರ ಮಾಡಬೇಡಿ: ಸಂದನ್ನು ಕೈಯಿಂದ ಅದುಮಿ ಹಿಡಿದು ಬೆಸುಗೆ ಹಾಕುವುದು. ಕೊಳವೆ ಎಳೆತದಲ್ಲಿರುವುದರಿಂದಲೇ ಆ ಬ್ರೇಸ್ ಬಿಟ್ಟಿದೆ. ಅದುಮಿ ಬೆಸೆದರೆ ಮತ್ತೆ ಅಲ್ಲೇ, ಇಲ್ಲವೇ ಪಕ್ಕದ್ದು ಬಿಡುತ್ತದೆ. ಬ್ರೇಸಿನ ಇನ್ನೊಂದು ತುದಿಯನ್ನೂ ಬಿಚ್ಚಿ, ಬಾಗಿಸಿ ಆಕಾರ ಸರಿಮಾಡಿ, ಒತ್ತದೇ ಎರಡೂ ತುದಿ ತಾನಾಗಿ ತಾಗುವ ಹಾಗೆ ಕೂರಿಸಿ. ಹಳೆಯ ಬೆಸುಗೆ, ಕಿಲುಬು ಕೆರೆದು ಹಿತ್ತಾಳೆ ಹೊಳೆಯಬೇಕು. ಬೆಸುಗೆ ಹಿಡಿಯಲು ಫ್ಲಕ್ಸ್ ಹಚ್ಚಿ ಎರಡೂ ಮುಖಕ್ಕೆ ತೆಳುವಾಗಿ ತವರ ಬಳಿದು ಕೂಡಿಸಿ. 60/40 ಬೆಸುಗೆ (60 ಪಾಲು ತವರ, 40 ಪಾಲು ಸೀಸ) ಸುಮಾರು 190 ಡಿಗ್ರಿಯೊಳಗೆ ಪೂರ್ತಿ ಕರಗುವುದರಿಂದ ಸಣ್ಣ ಜ್ವಾಲೆ ಸಾಕು. ಪಕ್ಕದ ಬೆಸುಗೆಗಳಿಗೆ ಒದ್ದೆ ಬಟ್ಟೆ ಸುತ್ತಿ. ಆರಿದ ಮೇಲೆ ಫ್ಲಕ್ಸ್ ತೊಳೆಯದಿದ್ದರೆ ತಿಂಗಳೊಳಗೆ ಹಸಿರು ಕಿಲುಬು. ಲ್ಯಾಕರ್ ಸ್ವಲ್ಪ ಸುಡುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಫೈಬರ್ ಬೆಲ್‌ನಲ್ಲಿ ಬುಡದ ಲೋಹದ ಬಳೆ ಫೈಬರಿನಿಂದ ಬಿಟ್ಟುಕೊಳ್ಳುವುದೇ ಹೆಚ್ಚು. ಎರಡೂ ಮುಖವನ್ನು ಎಮರಿ ಪೇಪರಿನಿಂದ ಒರಟು ಮಾಡಿ, ಅರಾಲ್ಡೈಟ್ ಅಂಟು ಹಾಕಿ, ಒಂದಿಡೀ ದಿನ ಮುಟ್ಟದೇ ಬಿಡಿ.

ಪೊಲೀಸ್, ಮಿಲಿಟರಿ ಬ್ಯಾಂಡ್‌ಗಳ ಫ್ರೆಂಚ್ ಹಾರ್ನ್‌ನಲ್ಲಿ ಬೆಲ್ ಬಿಚ್ಚುವಂಥದ್ದಾದರೆ ಅಲ್ಲಿರುವುದು ಥ್ರೆಡ್ ಇರುವ ಎರಡು ಬಳೆ. ಜನ ಥ್ರೆಡ್ಡನ್ನು ದೂರುತ್ತಾರೆ. ಬಳೆ ಬೆಲ್‌ಗೆ ಕೂಡುವ ಬೆಸುಗೆಯಲ್ಲಿ ಕೂದಲೆಳೆಯ ಸಂದಿದೆಯೇ ಅಂತಲೂ ನೋಡಬೇಕು. ಬಳೆಯನ್ನು ಸುತ್ತಲೂ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಥ್ರೆಡ್ಡನ್ನು ಹಳೆಯ ಟೂತ್‌ಬ್ರಷ್, ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಕಾಳಿನಷ್ಟು ಸ್ಲೈಡ್ ಗ್ರೀಸ್ ಹಚ್ಚಿದರೆ ಸಾಕು. ಕೂರಿಸುವಾಗ ಮೊದಲು ಉಲ್ಟಾ ತಿರುಗಿಸಿ, ‘ಟಕ್’ ಅಂದ ಮೇಲೆ ಮುಂದಕ್ಕೆ ತಿರುಗಿಸಿ.