ಮೊದಲ ದಿನ ಎದ್ದು ನಿಂತು ಏನು ಹೇಳಲಿ?

ನಾನು ಕೆಲಸ ಮಾಡುತ್ತಲೇ ಓದಿದವಳು ಅಂತ ಗೊತ್ತಾದ ಮೇಲೆ, ಹೊಸದಾಗಿ ಕೋರ್ಸಿಗೆ ಸೇರಿದವರು ನನ್ನನ್ನು ಕೇಳುವುದು ಫೀಸಿನ ಬಗ್ಗೆ ಅಲ್ಲ, ಪರೀಕ್ಷೆಯ ಬಗ್ಗೆಯೂ ಅಲ್ಲ. "ಮೊದಲ ದಿನ ಎಲ್ಲರೂ ತಮ್ಮ ಪರಿಚಯ ಹೇಳ್ಬೇಕಂತೆ. ನನಗಿಂತ 15 ವರ್ಷ ಚಿಕ್ಕವರ ಮುಂದೆ ಎದ್ದು ನಿಂತು ಏನು ಹೇಳಲಿ?" ಇದೇ ಪ್ರಶ್ನೆ. ಆಫೀಸಿನ ಮೀಟಿಂಗಿನಲ್ಲಿ ಸಲೀಸಾಗಿ ಮಾತಾಡುವವರೂ ಇದನ್ನು ದನಿ ತಗ್ಗಿಸಿಯೇ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟುಬಿಡುತ್ತೇನೆ.

ನಾನು ಮತ್ತೆ ಕ್ಲಾಸಿಗೆ ಹೋದಾಗ ನನಗೆ 38. ಸಂಖ್ಯಾಶಾಸ್ತ್ರದ ಎರಡು ವರ್ಷದ ಸಂಜೆ ಕೋರ್ಸು. ಮೊದಲ ದಿನ ನನ್ನ ಸರದಿ ಬಂದಾಗ ಎದ್ದು ನಿಂತು, "ಇಲ್ಲಿ ಎಲ್ಲರಿಗಿಂತ ನಾನೇ ದೊಡ್ಡವಳು ಅನಿಸುತ್ತೆ, ಸ್ವಲ್ಪ ಸಹಿಸಿಕೊಳ್ಳಿ" ಅಂತ ಶುರು ಮಾಡಿದೆ. ಆಮೇಲೆ ಎಷ್ಟು ವರ್ಷದಿಂದ ಕೆಲಸದಲ್ಲಿದ್ದೇನೆ, ನನ್ನ ಕೈಕೆಳಗೆ ಎಷ್ಟು ಜನ, ಓದು ನಿಂತದ್ದು ಯಾಕೆ, ಮನೆಯಲ್ಲಿ ಯಾರ್ಯಾರು ಹುರಿದುಂಬಿಸಿದರು, ಎಲ್ಲ ಹೇಳಿದೆ. ಸಾಲದು ಅಂತ ಕೊನೆಗೆ "ಕಲಿಯೋಕೆ ವಯಸ್ಸಿಲ್ಲ" ಅಂತ ಬೇರೆ ಸೇರಿಸಿದೆ. ಯಾರೋ ಚಪ್ಪಾಳೆ ತಟ್ಟಿದರು. ಆಗಲೇ ನನಗೆ ಗೊತ್ತಾಗಬೇಕಿತ್ತು. ಜೊತೆಗೆ ಓದುವವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅತಿಥಿಗಳಿಗೆ ತಟ್ಟುತ್ತಾರೆ.

ಮಾರನೆಯ ದಿನ ನಾನು ಒಳಗೆ ಬರುತ್ತಿದ್ದಂತೆ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಪಾಪ, ಮೇಷ್ಟ್ರು ಬಂದರು ಅಂದುಕೊಂಡಿರಬೇಕು. ಎರಡು ವಾರದ ನಂತರ ಪ್ರಾಜೆಕ್ಟಿಗೆ ಗುಂಪು ಮಾಡಿಕೊಳ್ಳಿ ಅಂದಾಗ ನನ್ನನ್ನು ಯಾರೂ ಕರೆಯಲಿಲ್ಲ. ಟೀಚರ್ರೇ ಒಂದು ಗುಂಪಿಗೆ ಹಾಕಿದರು. ಆ ಗುಂಪಿನವರು ಮಧ್ಯಾಹ್ನ ಮೂರಕ್ಕೆ ಸೇರೋಣ ಅಂತ ಮಾತಾಡಿಕೊಂಡಿದ್ದರು. ನನಗೆ ಆಗಲ್ಲ ಅಂದೆ. "ನಿಮಗೆ ಕೆಲಸ ಇರುತ್ತಲ್ಲ ಮೇಡಂ, ಪರವಾಗಿಲ್ಲ, ನಾವೇ ಮಾಡ್ಕೋತೀವಿ" ಅಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಜಾಸ್ತಿ ನೋವಾಯಿತು.

ಇದೆಲ್ಲ ವಯಸ್ಸಿನಿಂದ ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ, ತಪ್ಪು ನನ್ನ ಪರಿಚಯದಲ್ಲೇ ಇತ್ತು. ನನ್ನ ಬಗ್ಗೆ ನಾಲ್ಕು ನಿಮಿಷ ಮಾತಾಡಿದ್ದೆ. ಅದರಲ್ಲಿ ಅವರಿಗೆ ಬೇಕಾದದ್ದು ಒಂದೂ ಇರಲಿಲ್ಲ. ನನ್ನನ್ನು ಏನಂತ ಕರೆಯಬೇಕು? ಎಷ್ಟು ಹೊತ್ತಿಗೆ ಸಿಗುತ್ತೇನೆ? ನನಗೆ ಏನು ಬರುತ್ತೆ, ಏನು ಬರಲ್ಲ? ಪರಿಚಯ ಅಂದರೆ ಇಷ್ಟೇ. ನಾವು ಯಾರು ಅಂತ ಹೇಳಿ ಮುಗಿಸುವುದಲ್ಲ, ನಾಳೆ ಅವರು ನಮ್ಮ ಹತ್ತಿರ ಬಂದು ಮಾತಾಡಿಸಲು ಒಂದು ನೆಪ ಕೊಡುವುದು.

ಹಾಗಾಗಿ ನಾನು ಕೊಡುವ ಮೊದಲ ಸಲಹೆ, ಹುದ್ದೆಯ ಹೆಸರು ಹೇಳಬೇಡಿ, ಮಾಡುವ ಕೆಲಸ ಹೇಳಿ. ಇದಕ್ಕೆ ಒಂದು ಸ್ವಾರಸ್ಯದ ಆಧಾರವೂ ಇದೆ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಅಪರಿಚಿತ ಮುಖಗಳನ್ನು ತೋರಿಸಿ, ಪ್ರತಿ ಮುಖದ ಹೆಸರು ಮತ್ತು ಕೆಲಸ ಎರಡನ್ನೂ ಕಲಿಸಿದರು. ಜನರಿಗೆ ಕೆಲಸ ಸುಲಭವಾಗಿ ನೆನಪಿಗೆ ಬಂತು, ಹೆಸರು ಬರಲಿಲ್ಲ. ಮಜಾ ಏನೆಂದರೆ, ಎರಡಕ್ಕೂ ಒಂದೇ ಪದ ಬಳಸಿದಾಗಲೂ ಹೀಗೇ ಆಯಿತು. ಇಂಗ್ಲಿಷಿನಲ್ಲಿ ಬೇಕರ್ ಅಂದರೆ ಮನೆತನದ ಹೆಸರೂ ಹೌದು, ಬ್ರೆಡ್ ಮಾಡುವವನೂ ಹೌದು. ಬ್ರೆಡ್ ಮಾಡುವವನು ಅಂದರೆ ಒಲೆ, ಹಿಟ್ಟು, ವಾಸನೆ ಎಲ್ಲ ಕಣ್ಣಮುಂದೆ ಬರುತ್ತೆ. ಬರೀ ಹೆಸರಾದರೆ ಮನಸ್ಸಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ನಮ್ಮ ಹುದ್ದೆಗಳ ಕಥೆಯೂ ಅದೇ ಅಲ್ವಾ? "ಅಕೌಂಟ್ಸ್ ವಿಭಾಗದಲ್ಲಿ ಡೆಪ್ಯುಟಿ ಮ್ಯಾನೇಜರ್" ಅಂದರೆ 20 ವರ್ಷದ ಹುಡುಗಿಗೆ ಏನೂ ಕಾಣುವುದಿಲ್ಲ. "ಸಂಬಳದ ಲೆಕ್ಕ ಹಾಕುತ್ತೇನೆ, ತಿಂಗಳ ಕೊನೆಯ ವಾರ ನನ್ನನ್ನು ಹುಡುಕಬೇಡಿ" ಅಂದರೆ ನಗು ಬರುತ್ತೆ, ನೆನಪೂ ಉಳಿಯುತ್ತೆ. ಜೊತೆಗೆ ನಾನು ಯಾವಾಗ ಸಿಗುತ್ತೇನೆ ಅನ್ನುವ ಮಾಹಿತಿಯೂ ಅದರಲ್ಲೇ ಬಂತು.

ಸಮಯದ ವಿಷಯ ಹೇಳಲು ಸಂಕೋಚಪಡುವವರೇ ಜಾಸ್ತಿ. ಬಂದ ದಿನವೇ ಷರತ್ತು ಹಾಕಿದಂತಾಗುತ್ತೆ ಅನ್ನುತ್ತಾರೆ. ಇಲ್ಲ. "ಆಗಲ್ಲ" ಅಂತ ಹೇಳಿದರೆ ಷರತ್ತು, "ಯಾವಾಗ ಆಗುತ್ತೆ" ಅಂತ ಹೇಳಿದರೆ ಆಹ್ವಾನ. "ಹಗಲಲ್ಲಿ ಫೋನ್ ತೆಗೆಯೋಕೆ ಆಗಲ್ಲ, ರಾತ್ರಿ ಒಂಬತ್ತರ ಮೇಲೆ ಎಷ್ಟು ಹೊತ್ತಾದರೂ ಕೂರ್ತೀನಿ" ಅಂದು ನೋಡಿ. ರಾತ್ರಿ ಓದುವ ಹುಡುಗರು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರೇ ನಿಮ್ಮ ಗುಂಪು.

ಬರದ್ದೊಂದನ್ನು ಹೇಳುವುದು ಇನ್ನೂ ಕಷ್ಟ. ಆದರೆ ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತೆ. "ಕ್ಯಾಲ್ಕ್ಯುಲಸ್ ಬಿಟ್ಟು 16 ವರ್ಷ ಆಯ್ತು, ಯಾರಾದ್ರೂ ಮೊದಲಿಂದ ಹೇಳಿಕೊಡ್ತೀರಾ?" ಅಂತ ಕೇಳಿದರೆ, ಎದುರಿಗಿರುವವರು ನಿಮಗೆ ಏನೋ ಕೊಡಬಲ್ಲವರಾಗುತ್ತಾರೆ. ವಯಸ್ಸಿನ ಅಂತರ ಇಳಿಯುವುದೇ ಅಲ್ಲಿ. ಹೇಳಿಕೊಟ್ಟ ಹುಡುಗಿ ಮುಂದಿನ ವಾರ ತನ್ನ ರೆಸ್ಯೂಮೆ ತಂದು ತೋರಿಸುತ್ತಾಳೆ.

ಇದಕ್ಕೆ ಎದುರಾಗಿ, ಕೆಲವರು ಅನುಭವದ ಗಂಟನ್ನು ಮೊದಲ ದಿನವೇ ಬಿಚ್ಚುತ್ತಾರೆ. ವಯಸ್ಕರ ಕಲಿಕೆಯ ಬಗ್ಗೆ ಕಳೆದ ಶತಮಾನದಲ್ಲಿ ಬಹಳ ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್, ದೊಡ್ಡವರು ತರಗತಿಗೆ ತರುವ ಬದುಕಿನ ಅನುಭವವೇ ಕಲಿಕೆಗೆ ದೊಡ್ಡ ಆಸ್ತಿ ಅಂದರು. ಒಪ್ಪುತ್ತೇನೆ. ಆದರೆ ಆಸ್ತಿ ಇದೆ ಅಂತ ಬಾಗಿಲಲ್ಲೇ ನಿಂತು ಪತ್ರ ತೋರಿಸಬಾರದು. ಪಾಠದ ನಡುವೆ ಜಾಗ ಬಂದಾಗ ಒಂದು ಉದಾಹರಣೆ ಕೊಡಿ, ಸಾಕು. ಟೀಚರ್ ನಿಮಗಿಂತ ಚಿಕ್ಕವರಾಗಿದ್ದರಂತೂ ಇದು ಇನ್ನೂ ಸೂಕ್ಷ್ಮ.

ವಯಸ್ಸಿನ ಬಗ್ಗೆ ಕ್ಷಮೆ ಕೇಳುವುದನ್ನು ದಯವಿಟ್ಟು ಬಿಡಿ. ಹಾಗೆ ಕೇಳಿದರೆ ಎದುರಿಗಿರುವವರು "ಅಯ್ಯೋ, ಹಾಗೇನಿಲ್ಲ" ಅನ್ನಲೇಬೇಕಾಗುತ್ತೆ. ಗುರುತಿಲ್ಲದವರ ಮೇಲೆ ಆ ಭಾರ ಯಾಕೆ? ಅಷ್ಟಕ್ಕೂ ಯಾರೂ ನಮ್ಮನ್ನು ನಾವು ಅಂದುಕೊಂಡಷ್ಟು ನೋಡುತ್ತಿರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ, 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಟೀಶರ್ಟ್ ತೊಡಿಸಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ತಲೆಯ ನರೆಕೂದಲಿಗೂ ಇದೇ ಲೆಕ್ಕ ಅಂತ ನಾನು ಧೈರ್ಯ ತಂದುಕೊಳ್ಳುತ್ತೇನೆ.

ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತೆ. "ನಾನು ಓದುತ್ತಿರುವುದು ಆಫೀಸಿನಲ್ಲಿ ಗೊತ್ತಿಲ್ಲ. ಏನು ಮಾಡಲಿ?" ಕಂಪನಿಯ ಹೆಸರು ಹೇಳಲೇಬೇಕು ಅಂತೇನಿಲ್ಲ. ಯಾವ ಬಗೆಯ ಕೆಲಸ ಅಂತ ಹೇಳಿದರೆ ಸಾಕು. ಕ್ಲಾಸಿನಲ್ಲಿ ಇನ್ನೊಬ್ಬರ ಅಣ್ಣನೋ ತಮ್ಮನೋ ಅದೇ ಕಡೆ ಕೆಲಸ ಮಾಡುತ್ತಿರಬಹುದು. ಅದೇ ಕಾರಣಕ್ಕೆ, ಬಾಸ್ ಬಗ್ಗೆ ತಮಾಷೆಗೂ ಏನೂ ಹೇಳಬೇಡಿ.

ಕರೆಯುವ ವಿಷಯಕ್ಕೆ ಬರುತ್ತೇನೆ. ನೀವು ಹೇಳದಿದ್ದರೆ ಅವರೇ ಒಂದು ಹೆಸರು ಇಡುತ್ತಾರೆ. ಸರ್, ಮೇಡಂ, ಆಂಟಿ, ಅಂಕಲ್. ಸರ್, ಮೇಡಂ ಅಂದವರು ಸಂದೇಹ ಕೇಳಲು ಹಿಂಜರಿಯುತ್ತಾರೆ. ಆಂಟಿ ಅಂದರೆ ನಮಗೇ ಸಿಟ್ಟು ಬರುತ್ತೆ. ನಾನು "ಹೆಸರು ಹಿಡಿದೇ ಕರೀರಿ" ಅಂದೆ. ಎಷ್ಟೋ ಹುಡುಗರಿಗೆ ಬಾಯೇ ಬರಲಿಲ್ಲ. ಒಂದು ತಿಂಗಳು ಏನೂ ಕರೆಯದೆ "ರೀ, ಇಲ್ಲಿ ನೋಡಿ" ಅಂತ ದೂಡಿದರು. ಕೊನೆಗೆ ಅಕ್ಕ ಆದೆ. ಅದು ಸರಿಹೋಯಿತು. ನೀವೇ ಒಂದನ್ನು ಸೂಚಿಸಿ, ಆದರೆ ಹಟ ಮಾಡಬೇಡಿ. ನೀವು ಮಾತ್ರ ಅವರನ್ನು ಮೊದಲ ದಿನವೇ "ಏನೋ, ಬಾರೋ" ಅಂತ ಏಕವಚನಕ್ಕೆ ಎಳೆಯಬೇಡಿ. ಅವರಾಗಿ ಹೇಳುವವರೆಗೆ "ನೀವು" ಅನ್ನುವುದೇ ಚೆಂದ.

ಮಾತು ಉದ್ದ ಆಯಿತು, ನಿಮ್ಮ ಪರಿಚಯ ಆಗಬಾರದು. ಅರ್ಧ ನಿಮಿಷ ಸಾಕು. ಮನೆಯಲ್ಲಿ ಗಟ್ಟಿಯಾಗಿ ಒಂದು ಸಲ ಹೇಳಿ ನೋಡಿ, ಬಾಯಿಪಾಠ ಮಾತ್ರ ಮಾಡಬೇಡಿ. ಬಾಯಿಪಾಠ ಮಾಡಿದವರು ತಮ್ಮ ಸರದಿ ಬರುವವರೆಗೂ ಒಳಗೊಳಗೇ ಅದನ್ನೇ ಉರು ಹೊಡೆಯುತ್ತಿರುತ್ತಾರೆ, ಬೇರೆಯವರು ಹೇಳಿದ್ದು ಕಿವಿಗೇ ಬೀಳುವುದಿಲ್ಲ. ಇದನ್ನೂ 1973ರಲ್ಲೇ ಮಾಲ್ಕಮ್ ಬ್ರೆನರ್ ಅನ್ನುವ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ಸಾಲಾಗಿ ಒಬ್ಬೊಬ್ಬರೇ ಹೇಳುತ್ತಾ ಬರುವಾಗ, ತನಗಿಂತ ಸ್ವಲ್ಪ ಮುಂಚೆ ಹೇಳಿದ್ದು ಮನುಷ್ಯನಿಗೆ ಸರಿಯಾಗಿ ನೆನಪಿರುವುದಿಲ್ಲ. ಪಕ್ಕದಲ್ಲೇ ಕೂತವರು ತಾನೇ ಸಾಮಾನ್ಯವಾಗಿ ನಮಗಿಂತ ಮುಂಚೆ ಹೇಳುವುದು? ನಾಳೆ ಮೊದಲು ಮಾತಾಡಿಸಬೇಕಾದವರ ಹೆಸರೇ ಹೋಗಿರುತ್ತೆ. ಅದಕ್ಕೇ ಪೆನ್ನು ಹಿಡಿದು ಕೂರಿ. ನಿಮಗಿಂತ ಹಿಂದಿನ ಇಬ್ಬರ ಹೆಸರು ಬರೆದುಕೊಳ್ಳಿ. ಕೈಗೆ ಕೆಲಸ ಸಿಕ್ಕರೆ ನಡುಕವೂ ಕಮ್ಮಿ.

ಆನ್‌ಲೈನ್ ಕ್ಲಾಸಾದರೆ ಹೆಸರು ಪರದೆಯ ಮೇಲೆ ಇರುತ್ತೆ, ಆ ತಲೆನೋವಿಲ್ಲ. ಆಫೀಸಿನ ಲಾಗಿನ್ನಿನಿಂದ ಸೇರಿ ಹುದ್ದೆಯ ಸಮೇತ ಪೂರ್ತಿ ಹೆಸರು ಮೂಡದಂತೆ ಮಾತ್ರ ನೋಡಿಕೊಳ್ಳಿ. ನನಗೆ ಆಗಿದೆ.

ಎರಡನೇ ವರ್ಷ ನಮ್ಮ ಕ್ಲಾಸನ್ನು ಇನ್ನೊಂದು ಕ್ಲಾಸಿನ ಜೊತೆ ಸೇರಿಸಿದರು. ಮತ್ತೆ ಪರಿಚಯದ ಸುತ್ತು. ಈ ಸಲ ಹೆಸರು ಹೇಳಿದೆ, ಅಕ್ಕ ಅಂದರೂ ತಿರುಗ್ತೀನಿ ಅಂದೆ. ಸಂಬಳದ ಲೆಕ್ಕ, ತಿಂಗಳ ಕೊನೆ, ರಾತ್ರಿ ಒಂಬತ್ತು. ಎಕ್ಸೆಲ್ ಏನೇ ಇದ್ದರೂ ಕೇಳಿ, ಪ್ರೋಗ್ರಾಮಿಂಗ್ ನನಗೆ ಹೇಳಿಕೊಡಿ ಅಂದು ಕೂತೆ. ಚಪ್ಪಾಳೆ ಬರಲಿಲ್ಲ. ಪಕ್ಕದ ಹುಡುಗ ನೋಟ್‌ಬುಕ್ಕಿನ ಮೂಲೆಯಲ್ಲಿ ಏನೋ ಗೀಚುತ್ತಿದ್ದವನು ತಲೆಯೆತ್ತಿ, "ಅಕ್ಕ, ತಿಂಗಳ ಕೊನೆ ಅಂದ್ರೆ ಎಷ್ಟನೇ ತಾರೀಖಿಂದ?" ಅಂತ ಕೇಳಿದ.

25 ಅಂದೆ. ಬರೆದುಕೊಂಡ.