ದಡದಲ್ಲಿ ಮಲಗಿದ ಗಾಳಿಯಂತ್ರಗಳು

ಎಸ್ಬ್ಯೆರ್ಗ್‌ಗೆ ಹೊರಟಿದ್ದೇವೆ ಎಂದಾಗ ಕೋಪನ್‌ಹೇಗನ್ನಿನ ಗೆಳೆಯರು, "ಅಲ್ಲೇನಿದೆ, ಬರೀ ಬಂದರು" ಎಂದರು. ನಮಗೆ ಬೇಕಿದ್ದದ್ದೂ ಅದೇ.

ರೈಲಿನಲ್ಲಿ ಸುಮಾರು ಮೂರು ಗಂಟೆ. ಡೆನ್ಮಾರ್ಕಿನ ಪಶ್ಚಿಮ ತೀರ, ಎದುರಿಗೆ ಉತ್ತರ ಸಮುದ್ರ. ಊರು ಅಂಥಾ ಹಳೆಯದಲ್ಲ. 1864ರ ಯುದ್ಧದಲ್ಲಿ ದಕ್ಷಿಣದ ಪ್ರಾಂತ್ಯಗಳು ಕೈತಪ್ಪಿದ ಮೇಲೆ, ಇಂಗ್ಲೆಂಡಿಗೆ ಮಾಲು ಕಳಿಸಲು ಈ ಕಡೆ ಬಂದರು ಬೇಕಾಯಿತು. 1868ರಲ್ಲಿ ಅದಕ್ಕೆಂದೇ ಕಾನೂನು ಮಾಡಿದರು. ಮೊದಲು ಬೆಣ್ಣೆ, ಹಂದಿಮಾಂಸ. ಆಮೇಲೆ ಮೀನು. 1970ರ ದಶಕದಿಂದ ತೈಲ. ಈಗ ಗಾಳಿ: ಸಮುದ್ರದಲ್ಲಿ ನಿಲ್ಲಿಸಿ ವಿದ್ಯುತ್ ತೆಗೆಯುವ ಗಾಳಿಯಂತ್ರಗಳು ಇಲ್ಲಿಂದ ಹೊರಡುತ್ತವೆ.

ಬಂದರು ನೋಡಲು ಟಿಕೆಟ್ ಟೂರ್ ಏನೂ ಬೇಕಿಲ್ಲ. ಫಾನೊ ದ್ವೀಪಕ್ಕೆ ಹೋಗುವ ಫೆರ್ರಿ ಹತ್ತಿ, ಹೊರಗಡೆ ನಿಂತರೆ ಸಾಕು. ಹನ್ನೆರಡೇ ನಿಮಿಷದ ದಾರಿ. ನಾನಂತೂ ದ್ವೀಪದ ಕಡೆ ಬೆನ್ನು ಹಾಕಿಯೇ ನಿಂತಿದ್ದೆ. ಬಿಳಿ ರೆಕ್ಕೆಗಳು ಸಾಲಾಗಿ ಮಲಗಿದ್ದವು. ಗೋಪುರದ ಕೊಳವೆಗಳು ದಡದಲ್ಲೇ ನೆಟ್ಟಗೆ ನಿಂತಿದ್ದವು. ಪಕ್ಕದಲ್ಲಿ ನಡೆಯುತ್ತಿದ್ದ ಮನುಷ್ಯನ ಕಿತ್ತಳೆ ಬಣ್ಣದ ಜಾಕೆಟ್ ಕಾಣದೇ ಇದ್ದಿದ್ದರೆ ಅವುಗಳ ಅಳತೆಯೇ ತಿಳಿಯುತ್ತಿರಲಿಲ್ಲ. ಇನ್ನೊಂದು ಕಡೆ ಈ ಯಂತ್ರಗಳನ್ನು ಸಮುದ್ರದಲ್ಲಿ ನೆಡುವ ಹಡಗು, ಮಗುಚಿಟ್ಟ ಮಂಚದ ಹಾಗೆ ಉಕ್ಕಿನ ಕಾಲುಗಳನ್ನು ಮೇಲೆತ್ತಿಕೊಂಡು ನಿಂತಿತ್ತು. ಸಮುದ್ರದಲ್ಲಿ ಆ ಕಾಲುಗಳನ್ನು ತಳಕ್ಕೆ ಊರಿ, ಹಡಗು ತನ್ನನ್ನೇ ನೀರಿನಿಂದ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಅಲೆಗೆ ಅಲುಗಾಡಿದರೆ ಕ್ರೇನ್ ಕೆಲಸ ಮಾಡೋದು ಹೇಗೆ, ಅಲ್ವಾ?

2022ರ ಮೇ ತಿಂಗಳಲ್ಲಿ ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಇಲ್ಲೇ ಸೇರಿ ಒಂದು ಘೋಷಣೆಗೆ ಸಹಿ ಹಾಕಿದವು. 2050ಕ್ಕೆ ಸಮುದ್ರದ ಗಾಳಿಯಿಂದ 150 ಗಿಗಾವಾಟ್ ವಿದ್ಯುತ್ ಅಂತೆ. ಸಹಿ ಹಾಕೋದು ಸುಲಭ. ಇಷ್ಟೆಲ್ಲ ಮಾಲು ಇಡೋಕೆ ಇಂಥ ಅಂಗಳ ಎಷ್ಟು ಬೇಕೋ!

ಸುಮ್ನೆ ಆದ ಕೆಲಸವೂ ಇದಲ್ಲ. ಹತ್ತಿರದ ಹಾರ್ನ್ಸ್ ರೆವ್ ಮರಳುದಿಬ್ಬದ ಮೇಲೆ 2002ರಲ್ಲಿ 80 ಯಂತ್ರ ನಿಲ್ಲಿಸಿದರು, ಒಟ್ಟು 160 ಮೆಗಾವಾಟ್. ಎರಡೇ ವರ್ಷಕ್ಕೆ ಟ್ರಾನ್ಸ್‌ಫಾರ್ಮರ್, ಜನರೇಟರ್ ಕೈಕೊಟ್ಟು, ಎಂಬತ್ತೂ ಯಂತ್ರಗಳ ತಲೆಭಾಗ ಇಳಿಸಿ ದಡಕ್ಕೆ ತಂದು ರಿಪೇರಿ ಮಾಡಬೇಕಾಯಿತು. ಆದರೂ ಬಿಡಲಿಲ್ಲ. ಅದೇ ಕಡೆ 2019ರಲ್ಲಿ ಶುರುವಾದ ಮೂರನೆಯ ಸಾಲು, ಹಾರ್ನ್ಸ್ ರೆವ್ 3ರಲ್ಲಿ ಬರೀ 49 ಯಂತ್ರ, 407 ಮೆಗಾವಾಟ್. ರೆಕ್ಕೆ ತಿರುಗುವ ವೃತ್ತದ ಅಗಲ 80 ಮೀಟರಿನಿಂದ 164ಕ್ಕೆ ಬೆಳೆದಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಫ್ಯಾನುಗಳನ್ನೇ ಭಾರಿ ದೊಡ್ಡವು ಅಂದುಕೊಂಡಿದ್ದವನು ನಾನು.

ಸಮುದ್ರದಲ್ಲಿ ಆ ಯಂತ್ರಗಳು ತಿರುಗುವುದನ್ನು ನೋಡಲು ವಾಯವ್ಯಕ್ಕೆ, ತೀರದ ಬ್ಲೋವಾನ್ ಊರಿಗೆ ಹೋದೆವು. ಅಲ್ಲಿ ಬಿಳಿ ಬಣ್ಣದ, ಚೌಕಾಕಾರದ ದೀಪಸ್ತಂಭವಿದೆ, ಮೆಟ್ಟಿಲು ಜಾಸ್ತಿ. ಮೇಲೆ ಗಾಳಿಗೆ ಮಾತೇ ಕೇಳಿಸುತ್ತಿರಲಿಲ್ಲ. ದೂರದಲ್ಲಿ ಯಂತ್ರಗಳ ಸಾಲು, ಒಂದೊಂದೂ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಹೋಗುವವರು ಮೊದಲು ಬಂದರು ನೋಡಿ, ಆಮೇಲೆ ಇಲ್ಲಿಗೆ ಬನ್ನಿ. ಉಲ್ಟಾ ಮಾಡಿದರೆ, "ಇಷ್ಟೇನಾ?" ಎಂದು ಇಳಿದುಬಿಡುತ್ತೀರಿ.