ಡ್ರೈ ಡಾಕ್‌ನಲ್ಲಿ ಮೊದಲು ಸೀ ವಾಲ್ವ್, ಆಮೇಲೆ ಉಳಿದದ್ದು

ಪ್ಯೂರಿಫೈಯರ್, ಕಂಪ್ರೆಸರ್, ಜನರೇಟರ್ ಓವರ್‌ಹಾಲ್‌ಗಳನ್ನು ಹಡಗು ನೀರಿನಲ್ಲಿ ಇರುವಾಗಲೂ ಮಾಡಿಕೊಳ್ಳಬಹುದು. ಸಮುದ್ರದ ನೀರು ಒಳಬರುವ, ಹೊರಹೋಗುವ ದಾರಿಯಲ್ಲಿ ಹಲ್‌ಗೆ (ಹಡಗಿನ ಹೊರಮೈಗೆ) ಅಂಟಿಕೊಂಡಿರುವ ಸೀ ವಾಲ್ವನ್ನು ನೆಮ್ಮದಿಯಾಗಿ ಬಿಚ್ಚಲು ಆಗುವುದು ನೀರು ಬರಿದು ಮಾಡಿದ ಡ್ರೈ ಡಾಕ್‌ನಲ್ಲಿ ಮಾತ್ರ. ಸರಕು ಹಡಗಿನ ತಳವನ್ನು 5 ವರ್ಷದಲ್ಲಿ ಎರಡು ಸಲ ಪರೀಕ್ಷಿಸಬೇಕು, ನಡುವಿನ ಅಂತರ 36 ತಿಂಗಳು ಮೀರಬಾರದು. ಎರಡರಲ್ಲೊಂದನ್ನು ಡೈವರ್‌ಗಳಿಂದ ನೀರಿನಡಿಯಲ್ಲೇ ಮುಗಿಸುವ ಹಡಗುಗಳಲ್ಲಿ ಈ ವಾಲ್ವ್‌ಗಳಿಗೆ ಸರದಿ ಬರುವುದು 5 ವರ್ಷಕ್ಕೊಮ್ಮೆ. ಆದ್ದರಿಂದ ಡಾಕ್‌ನ ಮೊದಲ ದಿನಗಳಲ್ಲಿ ಇಂಜಿನ್ ರೂಮಿನ ಜನರನ್ನು ಬೇರೆ ಕೆಲಸಕ್ಕೆ ಹಂಚಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಡಾಕ್ ಖಾಲಿಯಾದರೆ ಕೂಲಿಂಗ್‌ಗೆ ಸಮುದ್ರದ ನೀರಿಲ್ಲ. ಜನರೇಟರ್ ನಿಲ್ಲಿಸಿ ಶೋರ್ ಪವರ್ (ದಡದ ವಿದ್ಯುತ್) ತೆಗೆದುಕೊಳ್ಳಬೇಕು, ರೇಷನ್ ಫ್ರಿಜ್‌ನ ಕಂಡೆನ್ಸರ್‌ಗೆ ದಡದಿಂದ ಹೋಸ್ ಎಳೆಯಬೇಕು. ಕೇಬಲ್ ಜೋಡಿಸಿದ ಮೇಲೆ ಫೇಸ್ ಸೀಕ್ವೆನ್ಸ್ (ಮೂರು ಫೇಸ್‌ಗಳ ಸರದಿ) ನೋಡದೆ ಬ್ರೇಕರ್ ಹಾಕಿದರೆ ಪಂಪ್‌ಗಳು ಉಲ್ಟಾ ತಿರುಗುತ್ತವೆ. 440 ವೋಲ್ಟ್, 60 ಹರ್ಟ್ಜ್‌ನ ಹಡಗಿಗೆ ನಮ್ಮ ದೇಶದ 415 ವೋಲ್ಟ್, 50 ಹರ್ಟ್ಜ್ ನೇರವಾಗಿ ಕೊಟ್ಟರೆ ಮೋಟರ್ ವೇಗ ಆರರಲ್ಲೊಂದು ಪಾಲು ಇಳಿಯುತ್ತದೆ, ಜೊತೆಗೆ ವೈಂಡಿಂಗ್ ಬಿಸಿಯಾಗುತ್ತದೆ. 50 ಹರ್ಟ್ಜ್‌ಗೆ 380 ವೋಲ್ಟ್ ಆಸುಪಾಸು ಸರಿ; ಯಾರ್ಡ್‌ನಲ್ಲಿ ಫ್ರೀಕ್ವೆನ್ಸಿ ಕನ್ವರ್ಟರ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಫೈರ್ ಲೈನ್‌ಗೆ ದಡದ ಒತ್ತಡ ಬಂದಿರಬೇಕು. ಇಂಜಿನ್ ರೂಮಿನ ಬೆಂಕಿ ಆರಿಸಲು ಇಟ್ಟ, ಉಸಿರುಗಟ್ಟಿಸುವ ಸಿಒ2 ತಪ್ಪಿಯೂ ಬಿಡುಗಡೆಯಾಗದಂತೆ ಲಾಕ್ ಮಾಡಿ ಟ್ಯಾಗ್ ಹಾಕಿರಬೇಕು, ಏಕೆಂದರೆ ಕೆಳಗೆ ಹಡಗಿನವರಲ್ಲದ ಎಷ್ಟೋ ಜನ ಕೆಲಸ ಮಾಡುತ್ತಿರುತ್ತಾರೆ.

ಇನ್ನು ವಾಲ್ವ್‌ಗಳು. ಬಿಚ್ಚುವ ಮೊದಲೇ ಬಾಡಿಗೂ ಫ್ಲ್ಯಾಂಜ್‌ಗೂ ನಂಬರ್ ಪಂಚ್ ಮಾಡಿ. ವರ್ಕ್‌ಶಾಪಿನಿಂದ ಒಂದೇ ಅಳತೆಯ ನಾಲ್ಕು ವಾಲ್ವ್ ಒಟ್ಟಿಗೆ ಮರಳಿದಾಗ ಯಾವುದು ಎಲ್ಲಿಯದೆಂದು ಬಣ್ಣದ ಗುರುತು ಹೇಳುವುದಿಲ್ಲ. ಬ್ಲಾಸ್ಟಿಂಗ್‌ನಲ್ಲಿ (ಗ್ರಿಟ್ ಚಿಮ್ಮಿ ತುಕ್ಕು, ಬಣ್ಣ ತೆಗೆಯುವಾಗ) ಅದು ಹಾರಿಹೋಗಿರುತ್ತದೆ. ಗ್ಲೋಬ್ ವಾಲ್ವ್ ಆದರೆ ಮೊದಲು ಒರಟು, ಆಮೇಲೆ ನಯವಾದ ಪೇಸ್ಟ್‌ನಲ್ಲಿ ಸೀಟನ್ನು ಉಜ್ಜಿ ಲ್ಯಾಪ್ ಮಾಡಿ, ಪ್ರಶ್ಯನ್ ಬ್ಲೂ (ನೀಲಿ ಬಣ್ಣ) ಹಚ್ಚಿ ನೋಡಬೇಕು. ಸೀಟಿನ ಸುತ್ತ ಗೆರೆ ಎಲ್ಲೂ ತುಂಡಾಗಬಾರದು. ಸ್ಪಿಂಡಲ್ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಹೊಸದೇ ಹಾಕಿ. ಪರೀಕ್ಷೆಗೆ ಬರುವ ಸರ್ವೇಯರ್ ತೆರೆದ ಸ್ಥಿತಿಯಲ್ಲಿ ನೋಡುವ ತನಕ ಬಾಕ್ಸಪ್ (ಮರುಜೋಡಣೆ) ಬೇಡ, ಇಲ್ಲದಿದ್ದರೆ ಮತ್ತೊಮ್ಮೆ ಬಿಚ್ಚಿಸುತ್ತಾರೆ.

ಹೆಚ್ಚು ಎಡವಟ್ಟಾಗುವುದು ರಬ್ಬರ್ ಲೈನರ್‌ನ ಬಟರ್‌ಫ್ಲೈ ವಾಲ್ವ್‌ನಲ್ಲಿ. ಲೈನರ್‌ನ ತುಟಿಯೇ ಸೀಲ್ ಆಗಿರುವಾಗ ಮತ್ತೊಂದು ಗ್ಯಾಸ್ಕೆಟ್ ಸೇರಿಸಬಾರದು. ಫ್ಲ್ಯಾಂಜ್‌ಗಳ ನಡುವೆ ತೂರಿಸುವಾಗ ಡಿಸ್ಕ್ ಬಹುಪಾಲು ಮುಚ್ಚಿರಲಿ, ಅಂಚಿಗೆ ಪೆಟ್ಟಾಗದು. ಬೋಲ್ಟ್ ಬಿಗಿ ಮಾಡುವ ಮೊದಲು ಪೂರ್ತಿ ತೆರೆಯಿರಿ. ಮುಚ್ಚಿಟ್ಟೇ ಬಿಗಿ ಮಾಡಿದರೆ ರಬ್ಬರ್ ಒತ್ತಿಕೊಂಡು ಡಿಸ್ಕ್ ಕಚ್ಚಿ ಕೂರುತ್ತದೆ. ಬೋಲ್ಟ್‌ಗಳನ್ನು ಎದುರುಬದುರು ಬಿಗಿ ಮಾಡಿ, ಒಮ್ಮೆ ಪೂರ್ತಿ ತೆರೆದು ಮುಚ್ಚಿ ನೋಡಿ. ಇಂಡಿಕೇಟರ್ 90 ಡಿಗ್ರಿ ತಪ್ಪಿ ಕೂತಿದ್ದರೆ ಹ್ಯಾಂಡಲ್ ‘ಮುಚ್ಚಿದೆ’ ಎನ್ನುವಾಗ ಡಿಸ್ಕ್ ತೆರೆದಿರುತ್ತದೆ. ಅದನ್ನು ಸೀ ಚೆಸ್ಟ್ (ನೀರು ಒಳಬರುವ, ಹಲ್‌ನಲ್ಲಿರುವ ಪೆಟ್ಟಿಗೆಯಂಥ ಗೂಡು) ಕಡೆಯಿಂದ ಕಣ್ಣಾರೆ ನೋಡಬೇಕು, ಇಂಜಿನ್ ರೂಮಿನಿಂದ ತಿಳಿಯುವುದಿಲ್ಲ. ವಾಲ್ವ್‌ಗೂ ಹಲ್ ಪ್ಲೇಟ್‌ಗೂ ನಡುವಿನ ಗಿಡ್ಡ ಪೈಪನ್ನು ಮರೆಯುವವರೇ ಹೆಚ್ಚು. ಅದು ತೂತಾದರೆ ಮುಚ್ಚಲು ಯಾವ ವಾಲ್ವೂ ಇಲ್ಲ. ಅಲ್ಟ್ರಾಸೋನಿಕ್ ಗೇಜ್‌ನಲ್ಲಿ ಅದರ ದಪ್ಪ ಅಳೆದೇ ಮುಂದೆ ಹೋಗಿ.

ಸೀ ಚೆಸ್ಟ್‌ಗೆ ಗ್ರೇಟಿಂಗ್ (ಜಾಲರಿ) ಹಾಕುವ ಮುನ್ನ ಸೆಕೆಂಡ್ ಇಂಜಿನಿಯರ್ ಸ್ವತಃ ಒಳಗೆ ಇಳಿದು ನೋಡಲಿ. ಚಿಂದಿಬಟ್ಟೆ, ಮರದ ಬಿರಡೆ, ಬ್ಲಾಸ್ಟಿಂಗ್ ಗ್ರಿಟ್ ಅಲ್ಲೇ ಉಳಿದರೆ ಮರುದಿನ ಸ್ಟ್ರೈನರ್‌ನಲ್ಲಿ ಸಿಗುತ್ತವೆ. ತುಕ್ಕು ತಡೆಯುವ ಆ್ಯನೋಡ್‌ಗಳಿಗೆ ಪೇಂಟ್ ತಾಗಿದ್ದರೆ ಕೆರೆದು ತೆಗೆಸಿ, ಪೇಂಟ್ ಬಿದ್ದ ಆ್ಯನೋಡ್ ಕೆಲಸ ಮಾಡದು.

ಪ್ರೊಪೆಲರ್ ಶಾಫ್ಟ್ ಹೊರಹೋಗುವ ಸ್ಟರ್ನ್ ಟ್ಯೂಬ್ ಕಡೆ, ರೋಪ್ ಗಾರ್ಡ್ (ಹಗ್ಗ ಸುತ್ತದಂತೆ ಹಾಕಿದ ಕವಚ) ತೆಗೆದಾಗ ಮೀನುಬಲೆಯ ನೈಲಾನ್ ದಾರ ಸುತ್ತಿದೆಯೇ ಎಂದು ಮೊದಲು ನೋಡಿ. ಶಾಫ್ಟ್ ಸುತ್ತಲಿನ ಲಿಪ್ ಸೀಲ್ ಕೊಯ್ದುಹೋಗಲು ಅದು ಸಾಕು. ಬೇರಿಂಗ್ ಸವೆದು ಶಾಫ್ಟ್ ಎಷ್ಟು ಇಳಿದಿದೆ ಎಂಬ ವೇರ್‌ಡೌನ್ ಅನ್ನು ಹಡಗಿನದೇ ಪೋಕರ್ ಗೇಜ್‌ನಿಂದ, ಹಿಂದಿನ ಸಲ ಇದ್ದ ಬ್ಲೇಡ್ ಸ್ಥಾನದಲ್ಲೇ ಅಳೆಯಿರಿ. ಇಂಜಿನ್ ನಿಧಾನವಾಗಿ ತಿರುಗಿಸುವ ಟರ್ನಿಂಗ್ ಗೇರ್ ಹಾಕುವ ಮುನ್ನ ಪ್ರೊಪೆಲರ್ ಬಳಿ ಯಾರೂ ಇಲ್ಲವೆಂದು ಡಾಕ್ ತಳದಿಂದ ಒಬ್ಬರು ವಾಕಿಟಾಕಿಯಲ್ಲಿ ಖಚಿತಪಡಿಸಬೇಕು. ಲ್ಯೂಬ್ ಆಯಿಲ್ ಪಂಪ್ ಓಡದೆ ಮೇನ್ ಇಂಜಿನ್ ತಿರುಗಿಸಬೇಡಿ.

ನೀರು ಬಿಡುವ ದಿನ ಎಲ್ಲ ಸೀ ವಾಲ್ವ್ ಮುಚ್ಚಿರಲಿ. ಸೀ ಚೆಸ್ಟ್‌ಗಳೂ ಸ್ಟರ್ನ್ ಟ್ಯೂಬೂ ಮುಳುಗಿದ ಕೂಡಲೇ, ಹಡಗು ತಾನು ಕೂತಿರುವ ಬ್ಲಾಕ್ ಬಿಟ್ಟು ಏಳುವ ಮೊದಲೇ, ನೀರು ನಿಲ್ಲಿಸಲು ಡಾಕ್ ಮಾಸ್ಟರ್‌ಗೆ ಹೇಳಿ. ಆಗ ಒಂದೊಂದು ವಾಲ್ವ್ ಬಳಿಗೂ ಟಾರ್ಚ್ ಹಿಡಿದು ಹೋಗಿ, ಫ್ಲ್ಯಾಂಜ್ ಒರೆಸಿ ನೋಡಬೇಕು. ನಂತರ ಒಂದೊಂದಾಗಿ ವಾಲ್ವ್ ತೆರೆದು, ಅದರ ಮುಂದಿನ ಸ್ಟ್ರೈನರ್, ಪೈಪ್ ಜಾಯಿಂಟ್ ನೋಡಿಕೊಂಡೇ ಮುಂದಿನದಕ್ಕೆ ಕೈಹಾಕಿ. ಸೋರಿಕೆ ಕಂಡರೆ ಡಾಕ್ ಮತ್ತೆ ಬರಿದು ಮಾಡಿಸಲು ಸಂಕೋಚ ಬೇಡ, ಖರ್ಚು ಎಷ್ಟಾದರೂ ಸರಿ. ಸೀ ವಾಟರ್ ಪಂಪ್‌ನ ವೆಂಟ್ ಕಾಕ್‌ನಿಂದ ಗಾಳಿ ಪೂರ್ತಿ ಹೋಗಿ ನೀರಿನ ಧಾರೆ ಬಂದಮೇಲೆ ಸ್ಟಾರ್ಟ್ ಮಾಡಿ, ಒತ್ತಡ ನಿಂತಮೇಲೆ ಜನರೇಟರ್.

ತೇಲಿದ ಬಳಿಕ ಕ್ರ್ಯಾಂಕ್‌ಶಾಫ್ಟ್ ಡಿಫ್ಲೆಕ್ಷನ್ (ಶಾಫ್ಟ್ ಬಾಗುವಿಕೆಯ ಅಳತೆ) ತೆಗೆದು, ಡಾಕ್‌ಗೆ ಬರುವ ಮುನ್ನ ತೇಲುತ್ತಿದ್ದಾಗ ತೆಗೆದದ್ದರ ಜೊತೆ ಹೋಲಿಸಿ. ಬ್ಲಾಕ್‌ಗಳ ಮೇಲೆ ಕೂತಿದ್ದಾಗಿನ ಅಳತೆ ಈ ಹೋಲಿಕೆಗೆ ಬರುವುದಿಲ್ಲ, ಅಲ್ಲಿ ಹಲ್ ಬಾಗಿರುವ ರೀತಿಯೇ ಬೇರೆ.